ಗೃಹಸ್ಥನ ಒಂಟಿ ನಡಿಗೆ

ಕಾಯಕ ದಾಸೋಹಗಳಿಗೆ ಕಟ್ಟುಬಿದ್ದ ಗೃಹಸ್ಥನೊಬ್ಬನು, ವ್ಯಾಪಾರದ ನಿಮಿತ್ತವಿಲ್ಲ, ಬಂಧುಗಳ ಕರೆಯಿಲ್ಲ, ಜಾತ್ರೆ ಹರಕೆಗಳಿಲ್ಲ, ಸುಮ್ಮನೆ ಎರಡು ಮೂರು ದಿನಗಳ ಮಟ್ಟಿಗೆ ಮನೆಯಿಂದ ಹೊರಟು, ಬಸ್ಸನ್ನೋ ರೈಲನ್ನೋ ಹತ್ತಿ, ಪರಿಚಯವಿಲ್ಲದ ಊರಿನಲ್ಲಿ ಇಳಿದು, ಒಬ್ಬನೇ ನಡೆದಾಡಿಕೊಂಡು ಮರಳಿ ಬರುವುದು ಸಲ್ಲುವುದೆ? ಪ್ರಶ್ನೆ ಹಗುರವಾಗಿ ತೋರೀತು. ಹೋಗಬೇಕೆನಿಸಿದವನು ಹೋಗಿ ಬರಲಿ, ಇದರಲ್ಲಿ ಧರ್ಮವಿಚಾರವೇನು ಬಂತು ಎಂದು ಕೇಳುವವರು ಉಂಟು. ಆದರೆ ಹೊತ್ತನ್ನೂ ಲಿಂಗಕ್ಕೆ ಅರ್ಪಿತವಾಗಬೇಕಾದ ಪದಾರ್ಥವೆಂದೇ ತಿಳಿದ ಸಂಪ್ರದಾಯ ನಮ್ಮದು. ಎಲೆಯ ಮೇಲಿನ ಅನ್ನವನ್ನು ವಿಚಾರಿಸುವಂತೆಯೇ ದೊರೆತ ಬಿಡುವನ್ನೂ, ಇದು ಎಲ್ಲಿಂದ ಬಂತು, ಯಾರ ಪಾಲಿನಿಂದ ಬಂತು ಎಂದು ವಿಚಾರಿಸಿಯೇ ಸ್ವೀಕರಿಸಬೇಕಾಗುತ್ತದೆ.

ಮೊದಲ ಆಕ್ಷೇಪಣೆ ಶರಣರ ಬಾಳಿನಿಂದಲೇ ಬರುತ್ತದೆ. ನುಲಿಯ ಚಂದಯ್ಯಗಳ ಕಥೆಯನ್ನು ಓದುಗರು ಬಲ್ಲರು. ಹುಲ್ಲು ಕೊಯ್ಯುತ್ತಿರುವಾಗ ಅವರ ಲಿಂಗವು ಜಾರಿ ನೀರಿಗೆ ಬಿದ್ದಿತು. ಚಂದಯ್ಯಗಳು ಹುಲ್ಲಿನ ಹೊರೆಯನ್ನು ಬಿಟ್ಟು ಲಿಂಗವನ್ನು ಹುಡುಕಲಿಲ್ಲ. ಕಾಯಕದ ಹೊತ್ತಿನಲ್ಲಿ ಲಿಂಗವೂ ಕಾಯಬೇಕಾದೀತೆಂಬ ದಿಟ್ಟತನ ಅದು. ಮಡಿವಾಳ ಮಾಚಯ್ಯಗಳು ನಡುವೆ ಬಂದು ತಿಳಿಹೇಳಬೇಕಾಯಿತೆಂಬುದು ಪರಂಪರೆಯ ಮಾತು. ಲಿಂಗಕ್ಕಾಗಿಯೂ ನಿಲ್ಲದಿದ್ದ ಕಾಯಕವು, ಬೇಸರ ಕಳೆಯುವ ಒಂದು ತಿರುಗಾಟಕ್ಕಾಗಿ ನಿಲ್ಲಬೇಕೆ?

ಆಕ್ಷೇಪಣೆ ಬಲವಾದುದೇ. ಆದರೆ ಚಂದಯ್ಯಗಳು ಆಗ ಎಲ್ಲಿದ್ದರೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರು ಬಯಲಿನಲ್ಲಿದ್ದರು. ಹುಲ್ಲು ತಂದು, ಹಗ್ಗ ಹೊಸೆದು, ಅದನ್ನು ಮಾರಲು ನಡೆದುಹೋಗುತ್ತಿದ್ದರು. ಅಂಬಿಗರ ಚೌಡಯ್ಯಗಳದು ಹೊಳೆ, ತುರುಗಾಹಿ ರಾಮಣ್ಣಗಳದು ಹುಲ್ಲುಗಾವಲು, ಆಯ್ದಕ್ಕಿ ಮಾರಯ್ಯಗಳದು ಕಲ್ಯಾಣದ ಬೀದಿ, ಮೋಳಿಗೆಯ ಮಾರಯ್ಯಗಳದು ಕಟ್ಟಿಗೆಯ ಕಾಡು. ಕಾಯಕವೆಂಬ ಮಾತಿನಲ್ಲಿಯೇ ಕಾಯವಿದೆ. ಇಂದು ಈ ಪುಟಗಳನ್ನು ಓದುವ ನಮ್ಮಲ್ಲಿ ಬಹುಜನರ ಕಾಯಕ ಕುಳಿತು ಮಾಡುವಂಥದು: ಅಂಗಡಿಯ ಗಲ್ಲಾಪೆಟ್ಟಿಗೆ, ಕಚೇರಿಯ ಕಡತ, ಕಂಪ್ಯೂಟರಿನ ಪರದೆ. ಕಣ್ಣು ಬೆರಳುಗಳು ದುಡಿದು ಸವೆಯುತ್ತಿರಲು ಕಾಲುಗಳು ಕೆಲಸವಿಲ್ಲದೆ ಮೇಜಿನ ಕೆಳಗೆ ಬಿದ್ದಿರುತ್ತವೆ. ಅವುಗಳಿಗೆ ವರುಷಕ್ಕೆ ಕೆಲವು ದಿನ ಕೆಲಸ ಕೊಡುವುದು ಕಾಯಕದ ದ್ರೋಹವೆಂದು ಹೇಳಲಾಗದು. ಈ ಸಮಾಧಾನವನ್ನು ಬಹಳ ದೂರ ಎಳೆಯಲೂಬಾರದು. ದಿನವೆಲ್ಲ ಹೊಲದಲ್ಲಿ ಬಗ್ಗಿ ದುಡಿಯುವವನಿಗೆ ಇದು ಹೊಂದದು. ಅವನಿಗೆ ಬೇಕಾದುದು ಜಗಲಿಯ ಮೇಲೆ ಒಂದು ಮಧ್ಯಾಹ್ನದ ನಿದ್ರೆ.

ಇನ್ನು ಕೆಲವರು ಇದಕ್ಕೆ ವಿರುದ್ಧವಾದ ತುದಿಗೆ ಹೋಗುತ್ತಾರೆ. ಬಸವಣ್ಣನವರು ಸ್ಥಾವರಕ್ಕಿಂತ ಜಂಗಮವನ್ನು ಮೇಲಿಟ್ಟರಲ್ಲವೆ, ಆದಕಾರಣ ತಿರುಗಾಡುವುದೇ ಜಂಗಮತ್ವವೆಂದು ಅವರ ವಾದ. ಹಾಗಿದ್ದರೆ ಬಸ್ಸಿನ ಚಕ್ರವೇ ನಮಗಿಂತ ದೊಡ್ಡ ಜಂಗಮವಾಗಬೇಕಾಗುತ್ತಿತ್ತು. ಅಲ್ಲಮಪ್ರಭುಗಳ ಸಂಚಾರಕ್ಕೆ ಹಿಂದಿರುಗುವ ಮನೆಯಿರಲಿಲ್ಲ. ಮಹಾದೇವಿಯಕ್ಕ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದದ್ದು ಮರಳಿ ಬರುವುದಕ್ಕಲ್ಲ. ಗೃಹಸ್ಥನಾದರೋ ಹೊರಡುವ ಮುನ್ನವೇ ಮರಳುವ ದಿನವನ್ನು ಹೇಳಿ ಹೊರಡುತ್ತಾನೆ. ಆದುದರಿಂದ ಅವನದು ಜಂಗಮ ಸಂಚಾರವೂ ಅಲ್ಲ, ಸಂನ್ಯಾಸಿಯ ತ್ಯಾಗವೂ ಅಲ್ಲ. ಸಂಸಾರವನ್ನು ತೊರೆದು ಅಡವಿ ಸೇರುವುದನ್ನು ಶರಣರು ದೊಡ್ಡದೆಂದು ಎಣಿಸಲಿಲ್ಲ. ಅನುಭವ ಮಂಟಪದಲ್ಲಿ ಕುಳಿತವರಲ್ಲಿ ಬಹುಮಂದಿ ಹೆಂಡಿರು ಮಕ್ಕಳೊಡಗೂಡಿದವರು. ಗೃಹಸ್ಥನ ಈ ನಡಿಗೆಗೆ ನಿಯಮವೇನಾದರೂ ಇದ್ದರೆ ಅದನ್ನು ಅವನ ಮನೆಯೊಳಗೇ ಹುಡುಕಬೇಕು. ಹಾಗೆ ಹುಡುಕುವ ಕೆಲಸಕ್ಕೇ ಸಿದ್ಧತೆಯೆಂದು ಹೆಸರು. ಎಲ್ಲಿಗೆ, ಯಾವಾಗ, ಏನನ್ನು ಹೊತ್ತುಕೊಂಡು, ಯಾರಿಗೆ ಏನನ್ನು ಒಪ್ಪಿಸಿ ಹೋಗುವುದೆಂಬ ಒಂದೊಂದು ಸಣ್ಣ ನಿಶ್ಚಯದಲ್ಲಿಯೂ ಧರ್ಮದ ಪ್ರಶ್ನೆಯೊಂದು ಅಡಗಿದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಸೀಮೆಯನ್ನು ಎದುರಿಗಿಟ್ಟುಕೊಂಡು ನೋಡೋಣ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳು ೨೦೦೭ರಲ್ಲಿ ಕೋಲಾರ ಜಿಲ್ಲೆಯಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರಗಳು. ಜಿಲ್ಲಾ ಕೇಂದ್ರವು ಬೆಂಗಳೂರಿನಿಂದ ಅರುವತ್ತು ಕಿಲೋಮೀಟರಿನ ಒಳಗಿದೆ. ಬೋಳು ಬಂಡೆಯ ಬೆಟ್ಟಗಳು, ಕೆರೆಗಳು, ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ. ಒಂದೇ ಮಾತಿನೊಳಗೆ ಕನ್ನಡವನ್ನೂ ತೆಲುಗನ್ನೂ ಹೆಣೆದು ಆಡುವ ಜನ. ನಮ್ಮವರಿಗೆ ಇದೇ ಜಿಲ್ಲೆಯ ಬಾಗೇಪಲ್ಲಿ ತಾಲ್ಲೂಕಿನ ಗೂಳೂರಿನ ನಿಡುಮಾಮಿಡಿ ಮಠದಿಂದ ಈ ಸೀಮೆಯ ಪರಿಚಯವಿದ್ದೀತು. ಆದರೂ ಇದು ಕೂಡಲಸಂಗಮವಲ್ಲ, ಉಳವಿಯಲ್ಲ, ಶ್ರೀಶೈಲವಲ್ಲ. ಇಲ್ಲಿ ನಡೆದುಬಂದವನಿಗೆ ಪುಣ್ಯ ಬಂತೆಂದು ಯಾರೂ ಹೇಳರು, ಊರಿಗೆ ಮರಳಿದಾಗ ಯಾರೂ ಪಾದ ಮುಟ್ಟರು. ಒಂಟಿ ನಡಿಗೆಗೆ ಇಂಥ ಸೀಮೆಯೇ ಲೇಸೆಂದು ನನ್ನ ಎಣಿಕೆ.

ಹೋಗುವ ಬಗೆ ಯಾವುದು? ಸ್ವಂತ ಕಾರು ಇರುವವರಿಗೆ ಸಹಜವಾಗಿಯೇ ಕಾರು ನೆನಪಾಗುತ್ತದೆ. ಅದನ್ನು ಮನೆಯಲ್ಲಿ ಬಿಡುವುದು ಉಚಿತ. ಕಾರೆಂಬುದು ಮನೆಯ ಒಂದು ಕೋಣೆ. ಅದರೊಳಗೆ ಕುಳಿತವನು ಮನೆ ಬಿಟ್ಟಂತಾಗಲಿಲ್ಲ. ಅಲ್ಲದೆ ನಡೆಯುವವನಿಗೆ ಅದೊಂದು ಗೂಟವಾಗುತ್ತದೆ. ಎಷ್ಟು ದೂರ ಹೋದರೂ ಕಾರು ನಿಂತ ಸ್ಥಳಕ್ಕೇ ಮರಳಬೇಕು. ಬಸ್ಸಿನಲ್ಲಿ ಬಂದವನು ಒಂದೂರಲ್ಲಿ ಇಳಿದು ಇನ್ನೊಂದೂರಲ್ಲಿ ಹತ್ತಬಹುದು. ಮೈಸೂರು ಸರ್ಕಾರವು ೧೯೪೮ರಲ್ಲಿ ರಸ್ತೆ ಸಾರಿಗೆ ಇಲಾಖೆಯನ್ನು ತೆರೆದಂದಿನಿಂದ ಇಂದಿನ ಸಾರಿಗೆ ಸಂಸ್ಥೆಯವರೆಗೆ ಆಗಿರುವ ಉಪಕಾರಗಳಲ್ಲಿ ಊರಿಂದೂರಿಗೆ ಮುಟ್ಟಿಸಿದ್ದೊಂದೇ ಅಲ್ಲ, ಪಕ್ಕದಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದನ್ನು ನಮ್ಮ ಆಯ್ಕೆಯಿಂದ ತೆಗೆದುಹಾಕಿದ್ದೂ ಒಂದು. ಕಲ್ಯಾಣದಲ್ಲಿ ಮಹಾ ಸಾಹಸದಿಂದ ಕೂಡಿಬಂದ ಒಂದೇ ಪಂಕ್ತಿಯು ಇಲ್ಲಿ ಒಂದು ಚೀಟಿಯ ಬೆಲೆಗೆ ದೊರೆಯುತ್ತದೆ. ಒಬ್ಬನೇ ಹೋಗುತ್ತಿದ್ದೇನೆಂದು ಹೊರಟವನಿಗೆ, ತನ್ನನ್ನು ಹೊತ್ತು ಒಯ್ಯುವ ಚಾಲಕ, ಇಳಿಯುವ ಸ್ಥಳವನ್ನು ಕೂಗಿ ಹೇಳುವ ನಿರ್ವಾಹಕ, ಜಾಗ ಬಿಟ್ಟುಕೊಟ್ಟ ಮುದುಕಿ, ಇವರೆಲ್ಲರೂ ಆ ಒಂಟಿತನದ ಪಾಲುದಾರರೆಂಬುದು ಬೇಗನೆ ತಿಳಿಯುತ್ತದೆ.

ರೈಲಿನ ಸ್ಥಿತಿ ಇಲ್ಲಿ ಸ್ವಲ್ಪ ವಿಚಿತ್ರವಾದುದು, ಮೊದಲೇ ತಿಳಿದಿರಬೇಕು. ಬೆಂಗಳೂರಿನಿಂದ ಬಂದ ಹಳಿ ಯಲಹಂಕದಲ್ಲಿ ಕವಲಾಗುತ್ತದೆ. ಒಂದು ಕವಲು ದೇವನಹಳ್ಳಿ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹೋಗುತ್ತದೆ. ಹಿಂದೆ ಇದು ಪುಟ್ಟ ಗಾಡಿಯ ಕಿರಿದಾದ ಹಳಿ. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗೆ ಅಗಲ ಹಳಿಯಾದದ್ದು ೨೦೧೩ರಲ್ಲಿ. ಇನ್ನೊಂದು ಕವಲು ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿಗಳ ಮೇಲೆ ಗೌರಿಬಿದನೂರಿಗೆ ಹೋಗಿ ಹಿಂದೂಪುರದತ್ತ ಮುಂದುವರಿಯುತ್ತದೆ. ಚಿಕ್ಕಬಳ್ಳಾಪುರಕ್ಕೂ ಗೌರಿಬಿದನೂರಿಗೂ ನಡುವೆ ನೇರ ಹಳಿಯಿಲ್ಲ. ಮಂಚೇನಹಳ್ಳಿಯ ಮೇಲೆ ಬಸ್ಸಿನಲ್ಲಿಯೇ ದಾಟಬೇಕು. ಹೀಗಾಗಿ ಒಂದು ಕವಲಿನಲ್ಲಿ ಹೋಗಿ, ನಡುವೆ ಬಸ್ಸಿನಲ್ಲಿ ದಾಟಿ, ಮತ್ತೊಂದು ಕವಲಿನಲ್ಲಿ ಮರಳುವುದು ಮೂರು ದಿನಗಳಿಗೆ ಹಿತವಾದ ಸುತ್ತು. ಚಿಕ್ಕಬಳ್ಳಾಪುರದ ಕವಲಿನಲ್ಲಿ ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಬಸ್ಸೇ ಗತಿ. ಪ್ರತಿಯೊಂದು ಊರಿನಲ್ಲಿ ಇಳಿದೊಡನೆ ಮಾಡಬೇಕಾದ ಮೊದಲ ಕೆಲಸ, ಅಲ್ಲಿಂದ ಹೊರಡುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ನಿಲ್ದಾಣದಲ್ಲಿ ಬಾಯಿಬಿಟ್ಟು ಕೇಳುವುದು. ಮೊಬೈಲಿನಲ್ಲಿ ಕಂಡ ಹೊತ್ತಿಗಿಂತ ನಿಯಂತ್ರಕರು ಹೇಳಿದ ಹೊತ್ತನ್ನು ನಂಬುವುದು ಕ್ಷೇಮ.

ಇನ್ನು ಚೀಲ. ಆಯ್ದಕ್ಕಿ ಮಾರಯ್ಯಗಳು ಒಂದು ದಿನ ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ, ಮರಳಿ ಸುರಿದು ಬರುವಂತೆ ಕಳುಹಿದರು. ಲಕ್ಕಮ್ಮನವರನ್ನು ಕರೆದು ನಮ್ಮ ಚೀಲವನ್ನು ತೋರಿಸಿದರೆ ಏನು ಉಳಿದೀತು? ಒಂದು ಜೊತೆ ಬಟ್ಟೆ, ಹೊದೆಯುವ ಒಂದು ಶಾಲು, ನೀರಿನ ಸೀಸೆ, ನಾಲ್ಕು ಚಪಾತಿ ಚಟ್ನಿಪುಡಿ, ನಿತ್ಯದ ಔಷಧ, ಗುರುತಿನ ಚೀಟಿ. ಮಿಕ್ಕದ್ದನ್ನು ಅವರು ಮರಳಿ ಕಪಾಟಿಗೆ ಇಡಿಸುತ್ತಿದ್ದರು. ನಡೆಯುವವನಿಗೆ ಇದು ನೀತಿಯ ಮಾತಷ್ಟೇ ಅಲ್ಲ, ಭುಜದ ಮಾತು. ಲಿಂಗವಂತನಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ. ಅವನ ದೇವರು ಕರಸ್ಥಲಕ್ಕೆ ಬರುವ ದೇವರು. ಒಂದು ವಿಭೂತಿಯ ಗಟ್ಟಿ, ಒಂದು ಮಡಿವಸ್ತ್ರ, ಒಂದು ಚೊಂಬು ನೀರು ಇದ್ದರೆ ವಸತಿಗೃಹದ ಕೋಣೆಯಲ್ಲಿಯೂ ಬಂಡೆಯ ನೆರಳಿನಲ್ಲಿಯೂ ಪೂಜೆ ನಿಲ್ಲದು. ಪ್ರವಾಸದಲ್ಲಿ ನಿತ್ಯಕರ್ಮಕ್ಕೆ ಲೋಪ ಬರುವುದೆಂಬ ನೆಪವನ್ನು ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮಿಂದ ಕಿತ್ತುಕೊಳ್ಳಲಾಗಿದೆ.

ನಂದಿ ಹಾಲ್ಟ್‌ನಲ್ಲಿ ಇಳಿದವನಿಗೆ ನಂದಿಗ್ರಾಮ ಹತ್ತಿರವೇ. ಅಲ್ಲಿರುವುದು ಭೋಗನಂದೀಶ್ವರ, ಬೆಟ್ಟದ ತುದಿಯಲ್ಲಿರುವುದು ಯೋಗನಂದೀಶ್ವರ. ಬುಡದಲ್ಲಿ ಭೋಗ, ನೆತ್ತಿಯಲ್ಲಿ ಯೋಗ. ಎರಡರ ನಡುವೆ ಸುಲ್ತಾನಪೇಟೆಯ ಕಡೆಯಿಂದ ಏರುವ ಕಲ್ಲಿನ ಮೆಟ್ಟಿಲ ದಾರಿ. ಬೆಟ್ಟದ ಎತ್ತರ ೧,೪೭೮ ಮೀಟರು. ನಾವು ಇಷ್ಟಲಿಂಗನಿಷ್ಠರು, ಸ್ಥಾವರಲಿಂಗದ ಬಳಿಗೆ ಪೂಜೆಗಾಗಿ ಹೋಗುವವರಲ್ಲ; ಆದರೂ ಒಂಬತ್ತನೆಯ ಶತಮಾನದಷ್ಟು ಹಳೆಯ ಆ ಕಲ್ಲುಕೆಲಸದ ಎದುರು, ಅದನ್ನು ಕಡೆದವರ ಕಾಯಕಕ್ಕೆ ತಲೆಬಾಗುವುದರಲ್ಲಿ ತಪ್ಪಿಲ್ಲ. ಬಹುಜನರು ರಸ್ತೆಯಲ್ಲಿ ವಾಹನವೇರಿ ನೇರವಾಗಿ ಯೋಗದ ಬಳಿಗೆ ಹೋಗಿ, ಮಂಜನ್ನು ಕಂಡು, ಚಿತ್ರ ಹಿಡಿದು, ಹೊಟ್ಟೆ ತುಂಬ ತಿಂದು ಇಳಿಯುತ್ತಾರೆ. ಮೆಟ್ಟಿಲೇರಿ ಹೋದವನಿಗೆ ಭೋಗ ಯೋಗಗಳ ನಡುವಿನ ಅಂತರ ಮಂಡಿಯಲ್ಲಿ ತಿಳಿಯುತ್ತದೆ. ವಾರದ ಕೊನೆಯನ್ನು ಬಿಟ್ಟು ನಡುವಾರದಲ್ಲಿ ಹೋದರೆ ಜನಜಂಗುಳಿ ಕಡಿಮೆ. ಮುಂಗಡವಾಗಿ ಕೋಣೆ ಪಡೆಯದವನು ಸಂಜೆಗೆ ಮೊದಲೇ ಇಳಿದು ಚಿಕ್ಕಬಳ್ಳಾಪುರಕ್ಕೆ ಬಂದು ತಂಗಬೇಕು. ಅಲ್ಲಿಯೇ ಸಮೀಪದ ಸ್ಕಂದಗಿರಿಯನ್ನು, ಅಂದರೆ ಕಳವಾರ ಬೆಟ್ಟವನ್ನು, ಹತ್ತಬೇಕೆಂಬವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಒಬ್ಬನೇ, ಅದೂ ನಸುಕಿನ ಕತ್ತಲಲ್ಲಿ, ಆ ದಾರಿ ಹಿಡಿಯುವುದನ್ನು ನಾನು ಒಪ್ಪಲಾರೆ. ಮನೆಯವರಿಗೆ ಗಾಬರಿ ಕೊಟ್ಟು ಗಳಿಸುವ ಏಕಾಂತ ಏತರದು?

ಗಾಂಧೀಜಿಯವರು ೧೯೨೭ರಲ್ಲಿ ಆರೋಗ್ಯ ಕೆಟ್ಟಾಗ ಈ ಬೆಟ್ಟದ ಮೇಲೆ ಬಂದು ವಿಶ್ರಾಂತಿ ಪಡೆದರು. ೧೯೩೬ರಲ್ಲಿ ಮತ್ತೊಮ್ಮೆ ಬಂದರು. ವಿಶ್ರಾಂತಿಯೇ ಸೋಮಾರಿತನವೆನ್ನುವ ಕಟ್ಟುನಿಟ್ಟಿನ ಹಿರಿಯರಿಗೆ ಇಷ್ಟನ್ನು ನೆನಪಿಸಿದರೆ ಸಾಕು.

ಚಿಕ್ಕಬಳ್ಳಾಪುರದ ಪಕ್ಕದಲ್ಲಿಯೇ ಕಂದವಾರದ ಕೆರೆಯಿದೆ. ಬೆಂಗಳೂರಿನ ಗೃಹಸ್ಥನು ಇದರ ಏರಿಯ ಮೇಲೆ ಅರ್ಧ ಗಂಟೆಯಾದರೂ ನಡೆಯಬೇಕು. ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಉತ್ತರ ಪಿನಾಕಿನಿ ಹುಟ್ಟುವುದು ಇಲ್ಲಿಯ ಬೆಟ್ಟಗಳಲ್ಲೇ ಆದರೂ ಹುಟ್ಟಿದ ಮನೆಯಲ್ಲಿ ಅವಳ ಕೈ ಬರಿದು. ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದುವು. ಈಗ ಹೆಬ್ಬಾಳ ನಾಗವಾರ ಕಣಿವೆಗಳ ಯೋಜನೆಯಿಂದ, ಬೆಂಗಳೂರಿನ ಮನೆಗಳಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧಿಮಾಡಿ ಇಲ್ಲಿಯ ಕೆರೆಗಳಿಗೆ ತುಂಬಿಸುತ್ತಾರೆ. ಆ ಶುದ್ಧಿ ಎರಡನೆಯ ಹಂತಕ್ಕೇ ನಿಲ್ಲದೆ ಮೂರನೆಯ ಹಂತದವರೆಗೂ ಆಗಬೇಕೆಂದು ಇಲ್ಲಿಯ ರೈತರು ಕೇಳುತ್ತಲೇ ಬಂದಿದ್ದಾರೆ. ಏಕಾಂತವನ್ನು ಅರಸಿ ಮನೆಯಿಂದ ಅರುವತ್ತು ಕಿಲೋಮೀಟರು ದೂರ ಬಂದವನ ಮುಂದೆ, ತಾನೇ ಪಾತ್ರೆ ತೊಳೆದು ಚೆಲ್ಲಿದ ನೀರು ಕೆರೆಯಾಗಿ ನಿಂತಿರುತ್ತದೆ. ಕಾರಿನಲ್ಲಿ ದಾಟಿಹೋಗುವವನಿಗೆ ಅದು ಬರಿಯ ಕೆರೆ. ನಡೆಯುವವನು ಏರಿಯ ಮೇಲೆ ಸೊಪ್ಪು ಹೊತ್ತು ಬರುವ ರೈತನನ್ನು ಮಾತನಾಡಿಸುತ್ತಾನೆ, ವಾಸನೆಯನ್ನು ಅರಿಯುತ್ತಾನೆ, ಮನೆಗೆ ಮರಳಿದ ಮೇಲೆ ಬಚ್ಚಲಿಗೆ ಏನನ್ನು ಸುರಿಯಬಾರದೆಂದು ಯೋಚಿಸುತ್ತಾನೆ.

ಇನ್ನು ಯಾವಾಗ ಹೊರಡಬೇಕೆಂಬುದು. ಕಾರ್ತಿಕದಿಂದ ಮಾಘದವರೆಗೆ ಬಿಸಿಲು ಹಿತ, ಚೈತ್ರ ವೈಶಾಖಗಳಲ್ಲಿ ಈ ಬಂಡೆಗಳು ಕಾದ ಹೆಂಚು. ಆದರೆ ಋತುವಿಗಿಂತ ಹೆಚ್ಚಿನದೊಂದು ಲೆಕ್ಕವಿದೆ. ಅದನ್ನು ಕಲಿಸುವ ಊರು ಶಿಡ್ಲಘಟ್ಟ.

ಶಿಡ್ಲಘಟ್ಟದ್ದು ರಾಜ್ಯದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲೊಂದು. ಊರಿನ ಒಳಗೆ ನೂಲು ಬಿಚ್ಚುವ ಮನೆಗಳು, ಸುತ್ತಲಿನ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳು. ಮಹಾದೇವಿಯಕ್ಕ ಮನಸ್ಸಿನ ಬಂಧನಕ್ಕೆ ರೇಷ್ಮೆಹುಳುವಿನ ಹೋಲಿಕೆಯನ್ನು ಕೊಟ್ಟರೆಂಬುದು ಎಲ್ಲರಿಗೂ ನೆನಪಿರುತ್ತದೆ. ಆ ಹುಳುವನ್ನು ಸಾಕುವ ಗೃಹಿಣಿಯ ಬಂಧನವು ನಮ್ಮ ನೆನಪಿಗೆ ಅಷ್ಟಾಗಿ ಬರುವುದಿಲ್ಲ. (ಗೂಡಿನೊಳಗಿನ ಜೀವವನ್ನು ಕೊಂದು ತೆಗೆದ ನೂಲು ದಯಾಮೂಲವಾದ ಧರ್ಮಕ್ಕೆ ಹೇಗೆ ಹೊಂದುವುದೆಂಬುದು ದೊಡ್ಡ ಪ್ರಶ್ನೆ, ಅದನ್ನು ಇಲ್ಲಿ ಎತ್ತಿಕೊಂಡರೆ ಹೊರಟ ದಾರಿ ತಪ್ಪುತ್ತದೆ.) ಚಾಕಿ ಹುಳು ಮನೆಗೆ ಬಂದಂದಿನಿಂದ ಗೂಡು ಬಿಡಿಸುವವರೆಗೆ ಆ ಮನೆಯ ದಿನಚರಿಯನ್ನು ಹುಳುವೇ ನಡೆಸುತ್ತದೆ. ಹುಳು ನಾಲ್ಕು ಸಲ ಸೊಪ್ಪು ಬಿಟ್ಟು, ಪೊರೆ ಕಳಚಲು ಸುಮ್ಮನಾಗುತ್ತದೆ. ಅದಕ್ಕೆ ಅಲ್ಲಿಯವರು ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದಮೇಲೆ ಅದರ ಹಸಿವು ಭಯಂಕರ. ಬಾಳಿನ ಉದ್ದಕ್ಕೂ ತಿನ್ನುವ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಆ ಒಂದು ವಾರದಲ್ಲಿಯೇ ತಿನ್ನುತ್ತದೆ. ಹುಳು ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಗಂಡನೂ ಹೆಂಡತಿಯೂ ಹೊಸಿಲು ದಾಟುವಂತಿಲ್ಲ. ಗೂಡು ಮಾರಿ, ಸಾಕಿದ ಮನೆಯನ್ನು ತೊಳೆದು, ಸುಣ್ಣ ಚೆಲ್ಲಿದ ಮೇಲೆ ಕೆಲವು ದಿನಗಳ ಬಿಡುವು. ಅಂಥ ಮನೆಯವನು ಎಲ್ಲಿಗಾದರೂ ಹೋಗುವುದಿದ್ದರೆ ಮೊದಲು ಹುಳುವನ್ನು ಕೇಳುತ್ತಾನೆ, ಆಮೇಲೆ ಪಂಚಾಂಗವನ್ನು.

ಪಟ್ಟಣದ ಗೃಹಸ್ಥನೂ ಇದನ್ನು ಕೇಳಿಕೊಳ್ಳಬೇಕು: ನನ್ನ ಮನೆಯ ಹುಳು ಈಗ ಎಷ್ಟನೆಯ ಜ್ವರದಲ್ಲಿದೆ? ಮಗಳ ಪರೀಕ್ಷೆ, ಹಾಸಿಗೆ ಹಿಡಿದ ತಾಯಿ, ತಿಂಗಳ ಕೊನೆಯ ಲೆಕ್ಕ, ಕೆಲಸದಾಕೆ ಊರಿಗೆ ಹೋದ ವಾರ. ನಾಲ್ಕನೆಯ ಜ್ವರ ಎದ್ದ ಮನೆಯನ್ನು ಬಿಟ್ಟು, ಮನಶ್ಶಾಂತಿ ಬೇಕೆಂದು ಬೆಟ್ಟಕ್ಕೆ ಹೋಗುವವನು ಶಾಂತಿಯನ್ನು ಗಳಿಸಲು ಹೋದವನಲ್ಲ, ಕದಿಯಲು ಹೋದವನು. ಅವನು ಮೂರು ದಿನ ಹೊರಗೆ ನಡೆದಷ್ಟೇ ದೂರವನ್ನು ಮನೆಯಲ್ಲಿ ಇನ್ನೊಬ್ಬರು ಒಲೆಗೂ ಮುದುಕರ ಮಂಚಕ್ಕೂ ನಡುವೆ ನಡೆಯುತ್ತಾರೆ. ಆ ನಡಿಗೆಗೆ ಬೆಟ್ಟದ ಗಾಳಿಯಿಲ್ಲ, ಮರಳಿ ಬಂದು ಹೇಳಿಕೊಳ್ಳುವ ಕಥೆಯೂ ಇಲ್ಲ.

ಇಲ್ಲಿಗೆ ನಮ್ಮ ಪ್ರಶ್ನೆ ತನ್ನ ನಿಜವಾದ ಸ್ಥಳಕ್ಕೆ ಬಂದಿತು. ಗೃಹಸ್ಥನಿಗೆ ಏಕಾಂತದ ಅಧಿಕಾರ ಉಂಟೆ ಎಂದರೆ, 'ಉಂಟು, ಅದು ಗೃಹಿಣಿಗೂ ಉಂಟಾದ ಪಕ್ಷದಲ್ಲಿ' ಎಂದು ಉತ್ತರಿಸಬೇಕು. ಗಂಡಹೆಂಡಿರು ಒಮ್ಮನಸ್ಸಿನಿಂದ ಮಾಡದ ಭಕ್ತಿಯನ್ನು ಜೇಡರ ದಾಸಿಮಯ್ಯಗಳು ಒಪ್ಪಲಿಲ್ಲ. ಭಕ್ತಿಯ ವಿಷಯದಲ್ಲಿಯೇ ಹೀಗಿರಲು ಬಿಡುವಿನ ವಿಷಯದಲ್ಲಿ ಒಬ್ಬರ ಮನಸ್ಸೇ ಸಾಕೆಂದರೆ ಹೇಗೆ? ನಾವು ಮಹಾದೇವಿಯಕ್ಕನ ಜಯಂತಿಯನ್ನು ಆಚರಿಸುತ್ತೇವೆ. ಅರಮನೆಯನ್ನು ಬಿಟ್ಟು ಒಬ್ಬರೇ ಹೆದ್ದಾರಿಯಲ್ಲಿ ನಡೆದ ಆ ಧೈರ್ಯವನ್ನು ವೇದಿಕೆಯ ಮೇಲೆ ಕೊಂಡಾಡುತ್ತೇವೆ. ಅದೇ ಸಂಜೆ ಮನೆಯ ಹೆಣ್ಣುಮಗಳು, ‘ನಾನೂ ಎರಡು ದಿನ ಒಬ್ಬಳೇ ಎಲ್ಲಾದರೂ ಹೋಗಿಬರಲೇ?’ ಎಂದು ಕೇಳಿದರೆ, ನಮ್ಮ ಬಾಯಿಂದ ಹೊರಡುವ ಮೊದಲ ಮಾತು, ‘ಒಬ್ಬಳೇ? ಯಾಕೆ? ಮನೆಯಲ್ಲಿ ಏನಾಯಿತು?’ ಗಂಡಸು ಒಬ್ಬನೇ ಹೋದರೆ ವಿಶ್ರಾಂತಿ, ಹೆಂಗಸು ಒಬ್ಬಳೇ ಹೋದರೆ ಮನಸ್ತಾಪ. ಅತ್ತೆಯವರು ಮಾತು ಬಿಡುತ್ತಾರೆ, ನೆರೆಯವರು ಕಿಟಕಿ ತೆರೆಯುತ್ತಾರೆ. ಅಕ್ಕನನ್ನು ಎಂಟುನೂರು ವರ್ಷ ದೂರದಲ್ಲಿಟ್ಟು ಪೂಜಿಸುವುದು ಸುಲಭ.

ಹಾದಿ ಹೆಣ್ಣಿಗೆ ಗಂಡಿನಷ್ಟು ನಿರ್ಭಯವಾಗಿಲ್ಲವೆಂಬುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ನಿರ್ಜನವಾದ ಬೆಟ್ಟದ ದಾರಿಗಿಂತ ಜನಸಂಚಾರವಿರುವ ಊರದಾರಿ, ಕತ್ತಲಾಗುವ ಮೊದಲು ತಂಗುವ ಸ್ಥಳ, ದಿನಕ್ಕೊಮ್ಮೆ ಮನೆಗೆ ಒಂದು ಮಾತು. ಇಷ್ಟು ಎಚ್ಚರವನ್ನು ಗಂಡಸಾದರೂ ಪಾಲಿಸಬೇಕಾದುದೇ. ಆದರೆ ಭಯವನ್ನು ಕಡಿಮೆ ಮಾಡುವ ಹೊಣೆ ಸಮಾಜದ್ದು. ಆ ಭಯವನ್ನೇ ಬೀಗಮಾಡಿ ಬಾಗಿಲಿಗೆ ಹಾಕುವುದು ನ್ಯಾಯವಲ್ಲ. ೨೦೨೩ರ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಚೀಟಿಯ ಖರ್ಚಿಲ್ಲ. ದಾನದಿಂದ ಜನ ಕೆಡುವರೆಂದು ಇದನ್ನು ಹಳಿದವರು ನಮ್ಮಲ್ಲಿಯೂ ಇದ್ದಾರೆ. ಗಂಡನ ಮುಂದೆ ಕೈಚಾಚದೆ ಒಂದೂರಿಂದ ಇನ್ನೊಂದೂರಿಗೆ ಹೋಗಿಬಂದ ಹೆಂಗಸಿನ ಮುಖವನ್ನು ಅವರು ಬಸ್ಸಿನಲ್ಲಿ ಕುಳಿತು ನೋಡಿಲ್ಲವೆಂದು ಕಾಣುತ್ತದೆ. ಬಸ್ಸು ಬಾಗಿಲವರೆಗೆ ಬಂದು ನಿಂತಿದೆ. ಇನ್ನು ಬೇಕಾದುದು, ಆಕೆ ಹೋಗಿಬರುವಷ್ಟು ದಿನ ಅನ್ನ ಸಾರು ಮಾಡಬಲ್ಲ, ತಾಯಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಬಲ್ಲ, ಮಗನ ಶಾಲೆಯ ಚೀಲವನ್ನು ತುಂಬಬಲ್ಲ ಗಂಡ. ಅಷ್ಟನ್ನು ಕಲಿಯದವನು ತನ್ನ ನಡಿಗೆಯ ದಿನವನ್ನು ಗೊತ್ತುಮಾಡುವ ಮೊದಲು ಆ ಕಲಿಕೆಯ ದಿನವನ್ನು ಗೊತ್ತುಮಾಡಲಿ. ಆಕೆಯೇ ಮೊದಲು ಹೋಗಿಬರುವುದಾದರೆ ಇನ್ನೂ ಲೇಸು.

ಶಿಡ್ಲಘಟ್ಟದಿಂದ ಬಸ್ಸು ಚಿಂತಾಮಣಿಗೆ ಒಯ್ಯುತ್ತದೆ. ಅಲ್ಲಿಂದ ಕೈವಾರ ದೂರವಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ ಕೈವಾರದ ನಾರೇಯಣ ತಾತಯ್ಯನವರು ಬಳೆಯ ಮಲಾರವನ್ನು ಹೊತ್ತು ಊರೂರು ನಡೆದು ಮಾರುತ್ತಿದ್ದವರೆಂದು ಜನ ಹೇಳುತ್ತಾರೆ. ತೆಲುಗು ಕನ್ನಡ ಎರಡರಲ್ಲಿಯೂ ಹಾಡಿದವರು. ಅವರ ಮಾರ್ಗ ಬೇರೆ, ನಮ್ಮ ಮಾರ್ಗ ಬೇರೆ. ಆದರೆ ನಡೆಯುವುದೇ ಜೀವನೋಪಾಯವಾಗಿದ್ದ ಮನುಷ್ಯನೊಬ್ಬನ ಊರಿನಲ್ಲಿ ನಡೆಯುವಾಗ, ಹವ್ಯಾಸಕ್ಕಾಗಿ ನಡೆಯುತ್ತಿರುವ ನಮ್ಮ ಗತ್ತು ಸ್ವಲ್ಪ ಇಳಿಯುತ್ತದೆ. ಅಲ್ಲಿಯ ಆಶ್ರಮದಲ್ಲಿ ಬಂದವರಿಗೆ ಅನ್ನವಿಡುವ ಪದ್ಧತಿಯಿದೆ. ಅನ್ಯರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅನೇಕ ಗೃಹಸ್ಥರಿಗೆ ಕಷ್ಟ. ಮಠಕ್ಕೆ ಅಕ್ಕಿ ಮೂಟೆ ಕಳುಹಿಸುವವರು, ಅಮಾವಾಸ್ಯೆಗೆ ದಾಸೋಹ ನಡೆಸುವವರು, ಬಡಿಸಿ ಬಡಿಸಿ ಕೈ ಪಳಗಿದವರು. ಎಲೆಯ ಈಚೆಗೆ ಕುಳಿತು ‘ಸಾಕು ತಾಯಿ’ ಎನ್ನಲು ನಾಲಿಗೆ ಹೊರಳುವುದಿಲ್ಲ. ದಾಸೋಹದಲ್ಲಿ ಕೊಡುವವನು ದಾಸನೇ ಹೊರತು ಒಡೆಯನಲ್ಲವೆಂಬುದನ್ನು ಮರೆತ ಕೊಡುಗೈಗೆ, ಒಂದು ಮಧ್ಯಾಹ್ನ ಬೇಡುವ ಸ್ಥಾನದಲ್ಲಿ ಕುಳಿತದ್ದು ಒಳ್ಳೆಯ ಔಷಧ. ಖರ್ಚು ಉಳಿಯಿತೆಂದು ಅಲ್ಲಿಂದ ಏಳಬಾರದು. ಹೋಟೆಲಿನಲ್ಲಿ ಉಂಡಿದ್ದರೆ ಎಷ್ಟು ಕೊಡುತ್ತಿದ್ದೆವೋ ಅಷ್ಟನ್ನಾದರೂ ಯಾರೂ ಕಾಣದಂತೆ ಹುಂಡಿಗೆ ಹಾಕಿ ಬರಬೇಕು.

ಮೂರನೆಯ ದಿನ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಮರಳಿ, ಮಂಚೇನಹಳ್ಳಿಯ ಮೇಲೆ ಗೌರಿಬಿದನೂರನ್ನು ಸೇರಬೇಕು. ಇದು ತುಸು ದೀರ್ಘ ಪ್ರಯಾಣ, ಬೆಳಗಿನ ಪೂಜೆ ಮುಗಿಸಿ ಬೇಗನೆ ಹೊರಡುವುದು ಒಳ್ಳೆಯದು. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ೧೯೩೮ರ ಏಪ್ರಿಲ್ ೨೫ರಂದು ಧ್ವಜವೇರಿಸಲು ನೆರೆದ ಜನರ ಮೇಲೆ ಗುಂಡು ಹಾರಿತು, ಹಲವರು ಮಡಿದರು. ಅವರ ಸ್ಮಾರಕವಿದೆ. ಅಂದು ಅಲ್ಲಿಗೆ ಸುತ್ತಲಿನ ಹಳ್ಳಿಗಳಿಂದ ಬಂದವರು ಏಕಾಂತವನ್ನು ಬಯಸಿ ಬಂದವರಲ್ಲ. ಪಟ್ಟಣದಿಂದ ಆರು ಕಿಲೋಮೀಟರಿನಷ್ಟಿರುವ ಆ ದಾರಿಯನ್ನು ನಡೆದೇ ಹೋಗಬಹುದು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ೧೯೩೫ರಲ್ಲಿ, ಬಸ್ಸಿನ ಚೀಟಿಗೆ ಹಣವಿಲ್ಲದೆ, ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಹೋದರು. ಎರಡು ದಿನದ ದಾರಿ. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ನಂಬಿಕೆಗಳನ್ನು ಪ್ರಶ್ನಿಸಿದ ಕಾರಣ ಭಕ್ತರಾದ ನಮಗೂ ಅವರಿಗೂ ಎಲ್ಲ ವಿಷಯದಲ್ಲಿ ಹೊಂದದಿರಬಹುದು. ಕಾಯಕದಲ್ಲಿ ಮಾತ್ರ ಅವರನ್ನು ಹಳಿಯುವ ಧೈರ್ಯ ಯಾರಿಗಿದೆ? ಹದಿನೈದರ ಆ ಹುಡುಗ ನಡೆದದ್ದು ಚೀಟಿಗೆ ಹಣವಿಲ್ಲದ್ದರಿಂದ. ನಾವು ಕಿಸೆಯಲ್ಲಿ ಹಣವಿದ್ದೂ ನಡೆಯುತ್ತೇವೆ. ಈ ವ್ಯತ್ಯಾಸವನ್ನು ನಡೆಯುವವನು ಒಂದು ಗಳಿಗೆಯೂ ಮರೆಯಬಾರದು. ಹಾದಿಯಲ್ಲಿ ಎದುರಾಗುವವರಲ್ಲಿ ಇಂದಿಗೂ ಕೆಲವರು ಬೇರೆ ದಾರಿಯಿಲ್ಲದೆ ನಡೆಯುತ್ತಿರುವವರು: ಕೂಲಿ ಮುಗಿಸಿ ಬರುವ ಹೆಂಗಸು, ಬಸ್ಸು ತಪ್ಪಿದ ಶಾಲೆಯ ಮಗು. ಅವರ ಮುಂದೆ, ನಗರವನ್ನು ಬಿಟ್ಟು ಬಂದು ನೆಮ್ಮದಿ ಕಂಡೆನೆಂದು ಹೇಳಿಕೊಳ್ಳುವುದಕ್ಕಿಂತ, ನಿಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಎಂದು ವಿಚಾರಿಸುವುದು ಮೇಲು.

ಗೌರಿಬಿದನೂರಿನಿಂದ ರೈಲು ತೊಂಡೇಬಾವಿಯನ್ನು ದಾಟಿ ಮಾಕಳಿದುರ್ಗದ ಬೆಟ್ಟದ ಬುಡವನ್ನು ಹಾದು ಬರುತ್ತದೆ. ಯಲಹಂಕದಲ್ಲಿ ಮೊದಲ ದಿನ ಬಿಟ್ಟುಹೋದ ಕವಲು ಮತ್ತೆ ಬಂದು ಕೂಡುತ್ತದೆ. ಅಷ್ಟರಲ್ಲಿ ಮೊಬೈಲನ್ನು ಪೂರ್ತಿಯಾಗಿ ತೆರೆಯಬಹುದು. ಮೂರು ದಿನವೂ ಸಂಜೆಗೊಮ್ಮೆ ಕ್ಷೇಮ ಹೇಳುವುದಕ್ಕೆ ಮಾತ್ರ ಅದನ್ನು ಬಳಸಿದ್ದರೆ ಒಳ್ಳೆಯದು. ಹೆಜ್ಜೆ ಹೆಜ್ಜೆಗೂ ಚಿತ್ರ ಹಿಡಿದು ಹತ್ತು ಜನಕ್ಕೆ ಕಳುಹಿಸುತ್ತ ನಡೆದವನು ಒಬ್ಬನೇ ನಡೆದನೆಂದು ಹೇಗೆ ಹೇಳುವುದು? ಮನೆಗೆ ಬಂದು ಕಾಲು ತೊಳೆದ ಮೇಲೆ ಭೋಗನಂದಿಯ ಕಥೆಯನ್ನು ಹೇಳಲು ಬಾಯಿ ತವಕಿಸುತ್ತಿರುತ್ತದೆ. ಅದಕ್ಕೆ ಮೊದಲು, ಈ ಮೂರು ದಿನ ಮನೆಯಲ್ಲಿ ಏನೇನಾಯಿತೆಂದು ಕೇಳಿ, ಹೇಳುವವರು ಹೇಳಿ ಮುಗಿಸುವವರೆಗೆ ಕುಳಿತಿರಬೇಕು. ಆಕೆ ಎಲ್ಲಿಗೆ, ಯಾವ ತಿಂಗಳಲ್ಲಿ ಹೋಗಬಯಸುತ್ತಾಳೆಂಬುದನ್ನೂ ಆಗಲೇ ಕೇಳಬಹುದು. ಕೈವಾರದ ಹೆಸರು ಹೇಳಿದರೆ, ಚಿಂತಾಮಣಿಯ ನಿಲ್ದಾಣದಲ್ಲಿ ಆ ಬಸ್ಸು ಎಲ್ಲಿ ನಿಲ್ಲುತ್ತದೆಂಬುದನ್ನು ಅವನೀಗ ಬಲ್ಲ.